ಅಪ್‌ಡೇಟ್: ವೃದ್ಧಾಶ್ರಮಕ್ಕೆ ನಮ್ಮ ಬೇಕರಿಯ ಬನ್ ಹೋಗ್ತಿದೆ

ಹಾಸನದಲ್ಲಿ ನಮ್ಮದೊಂದು ಸಣ್ಣ ಬೇಕರಿ, ಊರಿನ ವೃದ್ಧಾಶ್ರಮಕ್ಕೆ ದುಡ್ಡು ಕೊಡೋದಾ ತಿಂಡಿ ಕೊಡೋದಾ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ಅಲ್ಲಿಗೆ ಹೋಗಿ ಕೇಳಿ" ಅಂತ ಒಬ್ಬರು ಬರೆದಿದ್ದರಲ್ಲ, ಅದೇ ಸರಿ. ನಾನು ಒಂದು ಡಬ್ಬ ರಸ್ಕ್ ತಗೊಂಡು ಹೋದೆ. ಅಡುಗೆ ಮಾಡುವ ಅಕ್ಕ ಒಂದನ್ನು ಪಟ್ ಅಂತ ಮುರಿದು ತೋರಿಸಿದರು. "ಅಜ್ಜಿಯರು ಇದನ್ನ ಹೇಗೆ ಅಗೀತಾರೆ ಅಣ್ಣಾ? ಮೆತ್ತಗಿನ ಬನ್ ಕೊಡಿ. ಶುಗರ್ ಇರೋರು ಜಾಸ್ತಿ, ಸಿಹಿ ಬೇಡ."

ಈಗ ಮಂಗಳವಾರ, ಶುಕ್ರವಾರ 40 ಖಾರ ಬನ್ ಕಳಿಸುತ್ತೇವೆ, ಮೆಣಸಿನಕಾಯಿ ಕಡಿಮೆ ಹಾಕಿ. ಬೆಳಗಿನ ಮೊದಲ ಟ್ರೇಯಿಂದಲೇ. ಸಂಜೆ ಉಳಿದದ್ದನ್ನು ಕೊಡೋಕೆ ನನಗೆ ಮನಸ್ಸು ಬರಲಿಲ್ಲ.

ಟ್ಯಾಕ್ಸ್ ವಿಷಯ ಆಡಿಟರ್ ಬಿಡಿಸಿ ಹೇಳಿದರು. ಸಾಮಾನು, ತಿಂಡಿ ಕೊಟ್ಟರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಇಲ್ಲ. ನಗದು 2,000 ರೂಪಾಯಿ ದಾಟಿದರೂ ಸಿಗಲ್ಲ. ಹಾಗಾಗಿ ಔಷಧಿ ಖರ್ಚಿಗೆ ಕೊಡುವುದನ್ನು ಚೆಕ್‌ನಲ್ಲಿ ಕೊಟ್ಟು ರಸೀದಿ ತಗೊಳ್ಳುತ್ತಿದ್ದೇನೆ.

ಕೌಂಟರ್ ಮೇಲೆ ಹುಂಡಿ ಇಡುವುದು ಮಾತ್ರ ಬೇಡ ಅನ್ನಿಸಿತು. ಟೀ ಕುಡಿಯೋಕೆ ಬಂದವರಿಗೆ ಸುಮ್ನೆ ಮುಜುಗರ ಆಗುತ್ತೆ, ಅಲ್ವಾ?