ಸಿನಿಮಾ ರೈಲು, ನಿಜವಾದ ರೈಲು: ನಿವೃತ್ತ ಲೋಕೋ ಪೈಲಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಥೆ, ಸಿನಿಮಾಗಳಲ್ಲಿ ಕಂಡ ರೈಲಿನ ಬಗ್ಗೆ ಇವತ್ತು ಏನು ಬೇಕಾದರೂ ಕೇಳಿ. ಉತ್ತರ ಕೊಡುವವರು ಘಾಟಿಯಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರು.

ಹಾಸನದ ಸದಸ್ಯೆ: ಸರ್, ‘ದಿಲ್ ಸೇ’ ಹಾಡಿನಲ್ಲಿ ರೈಲಿನ ಮೇಲೆ ಕುಣಿಯುತ್ತಾರಲ್ಲ, ಅದು ನಿಜವಾದ ರೈಲಾ?

ಪೈಲಟ್: ನಿಜವಾದದ್ದೇ ಅಮ್ಮ, ಊಟಿ ರೈಲು. ಉಗಿ ಇಂಜಿನ್, ಮೇಲೆ ಕರೆಂಟ್ ತಂತಿ ಇಲ್ಲ. ನಮ್ಮ ವಿದ್ಯುತ್ ಲೈನುಗಳಲ್ಲಿ ತಲೆ ಮೇಲೆ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಸುಟ್ಟುಬಿಡುತ್ತದೆ.

ಧಾರವಾಡದ ಸದಸ್ಯರು: ಡೀಸೆಲ್ ಇಂಜಿನ್ ತೋರಿಸಿ ಛುಕ್ ಛುಕ್ ಶಬ್ದ ಹಾಕ್ತಾರೆ. ತಪ್ಪಲ್ವಾ?

ಪೈಲಟ್: ತಪ್ಪೇ. ಅದು ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಬೀಳುವ ಶಬ್ದ. ಎರಡು ಸಿಲಿಂಡರಿನ ಇಂಜಿನ್ನಲ್ಲಿ ಚಕ್ರ ಒಂದು ಸುತ್ತು ಬಂದರೆ ನಾಲ್ಕು ಸಲ. ಏರಿನಲ್ಲಿ ಆ ನಾಲ್ಕನ್ನೂ ಬೇರೆ ಬೇರೆಯಾಗಿ ಎಣಿಸಬಹುದು.

ತೀರ್ಥಹಳ್ಳಿಯ ಸದಸ್ಯರು: ‘ಮಾಲ್ಗುಡಿ ಡೇಸ್’ ಸ್ಟೇಷನ್ ಆಗುಂಬೆಯದ್ದು ಅಲ್ವಾ ಸರ್?

ಸಾಗರದ ಸದಸ್ಯರು: ಆಗುಂಬೆಗೆ ರೈಲೇ ಇಲ್ಲ ಮಾರಾಯ್ರೆ! ಮನೆ, ಬೀದಿ ಆಗುಂಬೆ. ಸ್ಟೇಷನ್ ನಮ್ಮ ಅರಸಾಳು, ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ. ಹಳೇ ಕಟ್ಟಡ ಈಗ ಮ್ಯೂಸಿಯಂ ಆಗಿದೆ.

ಬೆಂಗಳೂರಿನ ಸದಸ್ಯರು: ಮಾಲ್ಗುಡಿ ಅಂದರೆ ಮಲ್ಲೇಶ್ವರ ಪ್ಲಸ್ ಬಸವನಗುಡಿ. ಫಾರ್ವರ್ಡ್ ಹಾಕಿದ್ದೇನೆ, ಓದಿ.

ಸಾಗರದ ಸದಸ್ಯರು: ಆರ್.ಕೆ. ನಾರಾಯಣ್ ಅವರೇ ಅದು ಕಲ್ಪನೆಯ ಊರು ಅಂದಿದ್ದಾರೆ. ಫಾರ್ವರ್ಡ್ ಬಿಟ್ಟು ಪುಸ್ತಕ ಓದಿ.

ಮೈಸೂರಿನ ಕಾಲೇಜು ಹುಡುಗ: ಸರ್, ನಾವು ಕಿರುಚಿತ್ರ ಮಾಡ್ತಿದ್ದೇವೆ. ಅಣ್ಣ ಊರಿಗೆ ಬರ್ತಾನೆ ಅಂತ ಒಬ್ಬ ಹುಡುಗ ಹಳಿಗೆ ಕಿವಿ ಇಟ್ಟು ಕಾಯ್ತಾನೆ. ಭಾನುವಾರ ಬೆಳಿಗ್ಗೆ ನಮ್ಮೂರ ತಿರುವಿನಲ್ಲಿ ಶೂಟಿಂಗ್. ಒಬ್ಬನನ್ನು ಕಾವಲಿಗೆ ನಿಲ್ಲಿಸ್ತೇವೆ. ಹುಡುಗನಿಗೆ 9 ವರ್ಷ. ರೈಲು ಎಷ್ಟು ದೂರ ಇದ್ದಾಗ ಶಬ್ದ ಕೇಳುತ್ತೆ?

ಪೈಲಟ್: ತಮ್ಮಾ, ಆ ಶೂಟಿಂಗ್ ಮಾಡಬೇಡ. ಯಾಕೆ ಅಂತ ಪೂರ್ತಿ ಹೇಳುತ್ತೇನೆ, ಓದು.

ಹಳಿಯಲ್ಲಿ ಶಬ್ದ ಕೇಳಿಸೋದು ಸುಳ್ಳಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5 ಕಿಲೋಮೀಟರ್ ಹೋಗುತ್ತದೆ. ಆದರೆ ಗಾಡಿ ಎಷ್ಟು ದೂರ ಇದೆ ಅಂತ ಹಳಿ ಹೇಳೋದಿಲ್ಲ. 110 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 30 ಮೀಟರ್ ಬರುತ್ತದೆ. ತಿರುವಿನಲ್ಲಿ ನಿನ್ನ ಕಾವಲುಗಾರನಿಗೆ 300 ಮೀಟರ್ ಕಂಡರೆ ಕೈಯಲ್ಲಿರೋದು 10 ಸೆಕೆಂಡ್. ಅವನು ಕೂಗಬೇಕು, ನೀನು ಕಟ್ ಅನ್ನಬೇಕು, ಮಲಗಿರುವ ಮಗು ಎದ್ದು ಜಲ್ಲಿ ಮೇಲೆ ಓಡಬೇಕು. ಕಾಲು ಜಾರಿದರೆ?

ಇನ್ನು ನನ್ನ ಕಡೆಯಿಂದ ನೋಡು. ಎಮರ್ಜೆನ್ಸಿ ಬ್ರೇಕ್ ಹಾಕಿದ ತಕ್ಷಣ ಬ್ರೇಕ್ ಪೈಪಿನ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು 5 ಕೆಜಿಯಿಂದ ಸೊನ್ನೆಗೆ ಬೀಳುತ್ತದೆ. ಮುಳ್ಳು ಬಿತ್ತು ಅಂತ ಗಾಡಿ ನಿಲ್ಲಲ್ಲ. ಉದ್ದದ ಗಾಡಿ ಪೂರ್ತಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಅಷ್ಟು ಹೊತ್ತೂ ಎದುರಿಗೆ ಇರೋದನ್ನು ನಾವು ನೋಡುತ್ತಲೇ ಇರಬೇಕು, ಹಾರ್ನ್ ಒತ್ತುತ್ತಲೇ ಇರಬೇಕು. ಒಮ್ಮೆ ಇಯರ್‌ಫೋನ್ ಹಾಕಿಕೊಂಡ ಹುಡುಗ ಹಳಿ ಮೇಲೆ ನಡೆಯುತ್ತಿದ್ದ. ಬೆನ್ನಿಗೆ ಹಳದಿ ಬ್ಯಾಗ್. ಕಡೇ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆ ಬ್ಯಾಗಿನ ಬಣ್ಣ ಈಗಲೂ ಕಣ್ಣ ಮುಂದಿದೆ.

ನಿನ್ನ ಕಥೆ ಚೆನ್ನಾಗಿದೆ, ಅದನ್ನು ಕೈಬಿಡಬೇಡ. ಹಿತ್ತಲಲ್ಲಿ ಜಲ್ಲಿ ಹರವಿ, ಕಬ್ಬಿಣದ ತುಂಡು ಇಟ್ಟು ಕಿವಿಯ ಕ್ಲೋಸಪ್ ತೆಗೆ. ಶಬ್ದ ಆಮೇಲೆ ಸೇರಿಸು. ನಿಜವಾದ ಹಳಿಯೇ ಬೇಕಿದ್ದರೆ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕೇಂದ್ರ ಕಚೇರಿಗೆ ಅರ್ಜಿ ಹಾಕಿ ಅನುಮತಿ ತಗೋ. ಅನುಮತಿ ಇಲ್ಲದೆ ಹಳಿಗೆ ಇಳಿದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಆಗಬಹುದು. ಭಾನುವಾರ ಏನು ಮಾಡುತ್ತೀರಿ ಅಂತ ಇಲ್ಲೇ ತಿಳಿಸು.

ದಾವಣಗೆರೆಯ ಸದಸ್ಯರು: ಹಳಿಗಳ ಮಧ್ಯೆ ಅಂಗಾತ ಮಲಗಿದರೆ ಏನೂ ಆಗಲ್ಲ ಅಂತ ವಿಡಿಯೋ ಬಂದಿದೆ. ಕೆಂಪು ಬಟ್ಟೆ ಬೀಸಿದರೆ ರೈಲು ತಕ್ಷಣ ನಿಲ್ಲುತ್ತಂತೆ. ಎಲ್ಲರಿಗೂ ಶೇರ್ ಮಾಡಿ.

ಪೈಲಟ್: ಶೇರ್ ಮಾಡಬೇಡಿ. ಆ ವಿಡಿಯೋ ತೆಗೆದುಹಾಕಿ. ಕೆಂಪು ಬಟ್ಟೆ ಕಂಡರೆ ಬ್ರೇಕ್ ಹಾಕುತ್ತೇವೆ, ಗಾಡಿ ನಿಲ್ಲೋದು ಮೇಲೆ ಹೇಳಿದಷ್ಟು ದೂರದಲ್ಲೇ. ಹಳಿ ಮೇಲೆ ಅಪಾಯ ಕಂಡರೆ 139ಕ್ಕೆ ಫೋನ್ ಮಾಡಿ, ಹತ್ತಿರದ ಸ್ಟೇಷನ್‌ಗೆ ತಿಳಿಸಿ.

ದಾವಣಗೆರೆಯ ಸದಸ್ಯರು: ನಾನು ಬಂದಿದ್ದನ್ನು ಹಾಕಿದೆ ಅಷ್ಟೇ. ಇಷ್ಟು ಕೋಪ ಯಾಕೆ?

ಪೈಲಟ್: ಮೇಲೆ 9 ವರ್ಷದ ಮಗುವಿನ ವಿಷಯ ನಡೀತಿದೆ. ಅದಕ್ಕೆ.

ಮಂಡ್ಯದ ಸದಸ್ಯರು: ಹಳಿ ಮೇಲೆ ನಾಣ್ಯ ಇಟ್ಟರೆ ಗಾಡಿ ಬೀಳುತ್ತಾ?

ಪೈಲಟ್: ಇಲ್ಲ. ನಾಣ್ಯ ಚಪ್ಪಟೆ ಆಗುತ್ತೆ. ಇಡಬೇಡಿ.

ಉಡುಪಿಯ ಸದಸ್ಯೆ: ಪ್ಯಾರಿಸ್‌ನಲ್ಲಿ ಲೂಮಿಯೇರ್ ಸಹೋದರರ ಸಿನಿಮಾದಲ್ಲಿ ರೈಲು ಬಂದಾಗ ಜನ ಎದ್ದು ಓಡಿದ್ದರು ಅಂತಾರೆ. ನಿಜವಾ?

ಸಾಗರದ ಸದಸ್ಯರು: 1895ರ ಡಿಸೆಂಬರ್ 28ರ ಮೊದಲ ಪ್ರದರ್ಶನದಲ್ಲಿ ಆ ಚಿತ್ರವೇ ಇರಲಿಲ್ಲ ಮೇಡಂ. ಜನ ಓಡಿದ್ದಕ್ಕೆ ಆ ಕಾಲದ ದಾಖಲೆಯೂ ಇಲ್ಲ ಅಂತ ಸಂಶೋಧಕರು ಹೇಳ್ತಾರೆ.

ಬೆಂಗಳೂರಿನ ಸದಸ್ಯರು: ಎಲ್ಲದಕ್ಕೂ ನೀವೇ ಉತ್ತರ ಕೊಡೋದಾದರೆ ಪೈಲಟ್ ಸರ್ ಯಾಕೆ?

ಸಾಗರದ ಸದಸ್ಯರು: ನಿಮ್ಮ ಬಸವನಗುಡಿ ಫಾರ್ವರ್ಡ್ ಇನ್ನೂ ಅಲ್ಲೇ ಇದೆ, ಅದನ್ನು ಅಳಿಸಿ ಮೊದಲು.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಕಲಬುರಗಿಯ ಸದಸ್ಯರು: ಹಳೇ ಸಿನಿಮಾಗಳಲ್ಲಿ ಗಾರ್ಡ್ ಕೈಯಲ್ಲಿ ಲಾಟೀನು ಇರ್ತಿತ್ತು. ಈಗ ಏನಿದೆ?

ಕೋಲಾರದ ಸದಸ್ಯರು: ನಾಣ್ಯ ಇಟ್ಟರೆ ರೈಲು ಹಳಿ ತಪ್ಪುತ್ತಾ ಸರ್?

ಪೈಲಟ್: ಮೇಲೆ ಓದಿ.

ತೀರ್ಥಹಳ್ಳಿಯ ಸದಸ್ಯರು: ಅರಸಾಳಿಗೆ ಈಗ ಯಾವ ರೈಲಿನಲ್ಲಿ ಹೋಗಬೇಕು ಸರ್?

ಪೈಲಟ್: ಅದನ್ನು ಆಮೇಲೆ ನೋಡೋಣ. ಮೈಸೂರಿನ ಹುಡುಗ ನನ್ನ ಉತ್ತರ ಓದಿದ್ದಾನೆ, ನೀಲಿ ಗುರುತು ಕಾಣುತ್ತಿದೆ, ಏನೂ ಹೇಳಿಲ್ಲ. ಅಡ್ಮಿನ್, ಅವನಿಗೆ ಫೋನ್ ಮಾಡಿ. ತಮ್ಮಾ, ಭಾನುವಾರದ ಶೂಟಿಂಗ್ ಎಲ್ಲಿ ಅಂತ ಹೇಳು.