ಊರಿನ ಕಾನಿನಲ್ಲಿ ಮರ ಮತ್ತು ಹಕ್ಕಿಗಳ ಅಧ್ಯಯನ: ಪಟ್ಟಿಯಿಂದ ಮುಂದೇನು?

ಕಾನಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಊರು. ಮನೆಯ ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ, ಬೆಟ್ಟ ದಾಟಿದರೆ ಹಿರಿಯರು ಕೊಡಲಿ ಹಾಕದೆ ಉಳಿಸಿಕೊಂಡು ಬಂದ ಕಾನು. ಆ ಕಾನಿನ ತಗ್ಗಿನಲ್ಲಿ ಬೇಸಿಗೆಯಲ್ಲಿಯೂ ನೀರು ಆರದ ಒಂದು ರಾಂಪತ್ರೆ ಜಡ್ಡಿ, ಅಂದರೆ ರಾಂಪತ್ರೆ (ಕಾಡುಜಾಯಿಕಾಯಿ) ಜಾತಿಯ ಮರಗಳಿರುವ ಜೌಗು ನೆಲವಿದೆ. ಎರಡು ವರ್ಷಗಳಿಂದ ಬಿಡುವಿದ್ದಾಗಲೆಲ್ಲ ಇಲ್ಲಿ ಹಕ್ಕಿಗಳನ್ನು ನೋಡಿ ಬರೆದಿಡುತ್ತಿದ್ದೇನೆ. ಮಂಗಟ್ಟೆ, ಕಾಕರಣೆ, ಭೀಮರಾಜ, ಸಿಳ್ಳಾರ ಮೊದಲಾದವು ಸೇರಿ ಪಟ್ಟಿ ನೂರರ ಹತ್ತಿರ ಬಂದಿದೆ. ನಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ಜನತಾ ಜೀವವೈವಿಧ್ಯ ದಾಖಲಾತಿಯನ್ನು (ಊರಿನ ಗಿಡಮರ, ಪ್ರಾಣಿಪಕ್ಷಿಗಳ ಮಾಹಿತಿಯ ದಾಖಲೆ) ಪರಿಷ್ಕರಿಸಲು ಹೊರಟಿದ್ದು, ಕಾನಿನ ಭಾಗವನ್ನು ಬರೆದುಕೊಡುವಂತೆ ನನ್ನನ್ನು ಕೇಳಿದ್ದಾರೆ.

ಪಟ್ಟಿಯನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು, "ಹಕ್ಕಿ ಇವೆ, ಸರಿ. ಆದರೆ ನಾನು ಸಣ್ಣವನಿದ್ದಾಗ ಕಾನಿನಲ್ಲಿ ಕಾಲಿಟ್ಟಲ್ಲೆಲ್ಲ ರಾಂಪತ್ರೆ, ಧೂಪದ ಸಸಿ ಇರುತ್ತಿದ್ದವು. ಈಗ ಎಲ್ಲಿವೆ?" ಎಂದರು. ಆ ಮಾತಿನ ನಂತರ ನನ್ನ ಪಟ್ಟಿಯ ಮೇಲೆ ನನಗೇ ಭರವಸೆ ಉಳಿದಿಲ್ಲ. ಮರಗಳನ್ನೂ ಹಕ್ಕಿಗಳನ್ನೂ ಒಟ್ಟಿಗೆ ಅಧ್ಯಯನ ಮಾಡಿ, ಕಾನಿನ ರಕ್ಷಣೆಗೆ ನಿಜವಾಗಿ ಉಪಯೋಗವಾಗುವಂತಹ ದಾಖಲೆಯನ್ನು ಸಿದ್ಧಪಡಿಸುವುದು ಹೇಗೆ? ನನಗೆ ಸಸ್ಯಶಾಸ್ತ್ರದ ತರಬೇತಿಯಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಎಣ್ಣೆಮರ

ತಮ್ಮ ತಂದೆಯವರು ಕೇಳಿದ ಪ್ರಶ್ನೆಯಿಂದಲೇ ಅಧ್ಯಯನವನ್ನು ಆರಂಭಿಸಿ. ಕಾನಿನ ದೊಡ್ಡ ಮರಗಳ ಆಯುಷ್ಯ ದೀರ್ಘವಾದುದರಿಂದ, ಹೊಸ ಸಸಿ ಏಳುವುದು ನಿಂತು ದಶಕಗಳೇ ಕಳೆದಿದ್ದರೂ ಕಾಡು ಹೊರನೋಟಕ್ಕೆ ದಟ್ಟವಾಗಿಯೇ ಕಾಣುತ್ತದೆ. ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಅವರು 50 ಹೆಕ್ಟೇರ್ ಕಾಡನ್ನು ಗುರುತು ಮಾಡಿಕೊಂಡು, ಕೇವಲ 1 ಸೆಂಟಿಮೀಟರ್ ವ್ಯಾಸದ ಎಳೆಯ ಗಿಡಗಳನ್ನೂ ಬಿಡದೆ ಎಣಿಸಿದ್ದಕ್ಕೆ ಕಾರಣವಿದೆ: ನಾಳಿನ ಕಾಡು ಯಾವುದೆಂಬುದು ಗೊತ್ತಾಗುವುದು ಆ ಎಳೆಯ ಗಿಡಗಳಲ್ಲಿ. ಅದೇ ಕ್ರಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರ್ ತಾಕನ್ನು ಆರಂಭಿಸಿದರು.

ತಮಗೆ ಅಷ್ಟು ದೊಡ್ಡ ತಾಕು ಬೇಕಿಲ್ಲ. ನಮ್ಮ ಸಹ್ಯಾದ್ರಿಯಲ್ಲಿ ಬಳಕೆಯಲ್ಲಿರುವ ಒಂದು ಸರಳ ವಿಧಾನದಲ್ಲಿ 180 ಮೀಟರ್ ಉದ್ದದ ನೇರ ಗೆರೆಯೊಂದನ್ನು ಹಾಕಿ, ಅದರ ಎಡಬಲಗಳಲ್ಲಿ ಸರದಿಯಂತೆ 20 ಮೀಟರ್ ಅಂತರ ಬಿಟ್ಟು, 20 ಮೀಟರ್ ಉದ್ದಗಲದ ಐದು ಚೌಕಗಳನ್ನು ಗುರುತಿಸುತ್ತಾರೆ. ಎದೆಮಟ್ಟದಲ್ಲಿ 30 ಸೆಂಟಿಮೀಟರ್‌ಗಿಂತ ಹೆಚ್ಚು ಸುತ್ತಳತೆಯಿರುವ ಮರಗಳನ್ನು ಇಡೀ ಚೌಕದಲ್ಲಿ ಅಳೆದು, ಸಣ್ಣ ಗಿಡಗಳನ್ನು ಅದರೊಳಗಿನ 5 ಮೀಟರ್‌ನ ಚಿಕ್ಕ ಚೌಕಗಳಲ್ಲಿ ಎಣಿಸಬೇಕು. ಕಾನು, ಜಡ್ಡಿ, ಸೊಪ್ಪಿನಬೆಟ್ಟ ಈ ಮೂರಕ್ಕೂ ಬೇರೆ ಬೇರೆ ಗೆರೆಗಳಿರಲಿ. ಪ್ರತಿಯೊಂದು ಜಾತಿಗೂ ಎಷ್ಟು ದೊಡ್ಡ ಮರ, ಎಷ್ಟು ಎಳೆ ಮರ, ಎಷ್ಟು ಸಸಿ ಎಂದು ಮೂರು ಕಲಮುಗಳಲ್ಲಿ ಬರೆದರೆ, ಯಾವ ಮರಕ್ಕೆ ಪೀಳಿಗೆ ಮುಂದುವರಿದಿಲ್ಲವೆಂಬುದು ಕಣ್ಣಿಗೆ ಕಾಣುತ್ತದೆ.

ಜಡ್ಡಿಯಲ್ಲಿ ವಿಶೇಷ ಎಚ್ಚರಿಕೆಯಿರಲಿ. ತಮ್ಮದೇ ತಾಲೂಕಿನ ಕತ್ತಲೆಕಾನಿನಿಂದ 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರದಲ್ಲಿ ಗಂಡು ಮತ್ತು ಹೆಣ್ಣು ಮರಗಳು ಬೇರೆ ಬೇರೆ. ಅಂತಹ ಮರಗಳು ಹತ್ತು ಇವೆಯೆಂದು ಬರೆದರೆ ಸಾಲದು, ಅವುಗಳಲ್ಲಿ ಕಾಯಿ ಬಿಡುವವು ಎಷ್ಟೆಂದು ತಿಳಿಯಬೇಕು.

ಮುಂಜಾವಿನ ದುರ್ಬೀನು

ಹಕ್ಕಿಗಳ ವಿಷಯದಲ್ಲಿ ನನ್ನ ಸಲಹೆಯೆಂದರೆ, ಎಣ್ಣೆಮರ ಅವರು ಹೇಳಿದ ಗೆರೆಗಳ ಮೇಲೆಯೇ, ಗೆರೆಗೊಂದರಂತೆ, ಎಣಿಕೆಯ ಜಾಗಗಳನ್ನೂ ಇಟ್ಟುಕೊಳ್ಳಿ. ಸೂರ್ಯೋದಯದ ನಂತರದ ಎರಡು ಮೂರು ಗಂಟೆಗಳಲ್ಲಿ ಒಂದೆಡೆ ಹತ್ತು ನಿಮಿಷ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳನ್ನು ಅಂದಾಜು ದೂರದೊಂದಿಗೆ ಬರೆಯಬೇಕು. ದೂರ ಬರೆಯದಿದ್ದರೆ ಎಣಿಕೆ ದಾರಿ ತಪ್ಪಿಸುತ್ತದೆ. ಕುಟ್ರುಹಕ್ಕಿಯ ಕೂಗು ಬಹು ದೂರದಿಂದ ಕೇಳಿಬರುತ್ತದೆ, ಆದರೆ ಕಾಕರಣೆ ತಲೆಯ ಮೇಲಿನ ಕೊಂಬೆಯಲ್ಲಿಯೇ ಅಲುಗದೆ ಕುಳಿತಿದ್ದರೂ ಕಾಣುವುದಿಲ್ಲ. ಒಂದು ಜಾಗಕ್ಕೂ ಇನ್ನೊಂದಕ್ಕೂ 200 ಮೀಟರ್ ಆದರೂ ಅಂತರವಿರಲಿ, ಪ್ರತಿ ಜಾಗಕ್ಕೂ ಋತುವಿಗೆ ಮೂರು ನಾಲ್ಕು ಸಲ ಹೋಗಿ, ಮತ್ತು ಹಕ್ಕಿ ಕಾಣದ ದಿನವನ್ನೂ ತಪ್ಪದೆ ದಾಖಲಿಸಿ. ಮಂಗಟ್ಟೆಗಳ ಸಂಖ್ಯೆ ಬೇಸಿಗೆಯಲ್ಲಿ ಕಡಿಮೆ ಬಂದರೆ ಗಾಬರಿಯಾಗಬೇಡಿ. ಜನವರಿಯ ನಂತರ ಹೆಣ್ಣು ಹಕ್ಕಿಗಳು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡಿರುತ್ತವೆ, ಹೊರಗೆ ಕಾಣುವುದು ಆಹಾರ ತರುವ ಗಂಡು ಮಾತ್ರ.

ತಮ್ಮ ಜಿಲ್ಲೆಯ ಬಗ್ಗೆಯೇ 2008ರಲ್ಲಿ ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಈ ಪ್ರದೇಶದ ಕಾಡಿನ ಹಕ್ಕಿಗಳ ಪೈಕಿ ಸುಮಾರು ಶೇ. 90ರಷ್ಟು ಪ್ರಭೇದಗಳು ಅಡಿಕೆ ತೋಟಗಳ ವ್ಯವಸ್ಥೆಯಲ್ಲಿಯೂ ಇವೆಯೆಂದು ಅವರು ತೋರಿಸಿದರು. ನಮ್ಮ ಕೃಷಿಯ ಬಗ್ಗೆ ಹೆಮ್ಮೆಪಡಬೇಕಾದ ಸಂಗತಿಯೇ ಇದು. ಆದರೆ ಇದನ್ನು "ತೋಟವಿದ್ದರೆ ಸಾಕು, ಕಾಡು ಬೇಡ" ಎಂದು ಓದಿಕೊಳ್ಳುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ತೋಟಕ್ಕೆ ಸೊಪ್ಪು ಕೊಡುವ ಬೆಟ್ಟವೂ ಆಸುಪಾಸಿನ ಕಾಡೂ ಸೇರಿದ ಭೂದೃಶ್ಯದ ಫಲ ಅದು. ತೋಟದಲ್ಲಿ ಆಹಾರ ಹುಡುಕುವ ಮಂಗಟ್ಟೆಗೆ ಗೂಡು ಮಾಡಲು ಪೊಟರೆಯಿರುವ ಹಳೆಯ ಮರವೇ ಬೇಕು. ಆದ್ದರಿಂದ ತಮ್ಮ ಪಟ್ಟಿಯಲ್ಲಿ ಹಕ್ಕಿಯ ಹೆಸರಿನ ಮುಂದೆ ಅದು ಅಲ್ಲಿ ಏನು ಮಾಡುತ್ತಿತ್ತು ಎಂಬುದನ್ನೂ ಸೇರಿಸಿ: ಹಾರಿ ಹೋಯಿತೋ, ಹಣ್ಣು ತಿಂದಿತೋ, ಗೂಡು ಮಾಡಿತೋ.

ಬೆಟ್ಟದ ಹಾದಿ

ಇಬ್ಬರೂ ಹೇಳಿದ್ದು ಸರಿಯಾಗಿದೆ. ಶಿರಸಿ ಕಡೆಯ ಹಳ್ಳಿಯಲ್ಲಿ ಬೆಳೆದ ನಾನು ಒಂದು ಮಾತು ಸೇರಿಸುತ್ತೇನೆ. ಹಣ್ಣು ಬಿಟ್ಟ ಮರದ ಬುಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡುವುದಕ್ಕೆ ಸಮನಾದ ವಿಧಾನ ಇನ್ನೊಂದಿಲ್ಲ. ರಾಂಪತ್ರೆಯ ಕಾಯಿ ಒಡೆದು ಬೀಜವನ್ನು ಸುತ್ತಿದ ಕೆಂಪು ಪತ್ರೆ ಕಾಣಿಸಿಕೊಂಡಾಗ ಮಂಗಟ್ಟೆಗಳು, ದೊಡ್ಡ ಕಾಡುಪಾರಿವಾಳಗಳು ಬೀಜವನ್ನು ಇಡಿಯಾಗಿ ನುಂಗಿ, ಪತ್ರೆ ಅರಗಿದ ಮೇಲೆ ಬೀಜವನ್ನು ದೂರದಲ್ಲಿ ಕಕ್ಕುತ್ತವೆ. ಆ ಬೀಜ ಒಣಗಿದರೆ ಸತ್ತಂತೆಯೇ, ವರ್ಷಗಟ್ಟಲೆ ನೆಲದಲ್ಲಿ ಕಾಯುವ ಶಕ್ತಿ ಅದಕ್ಕಿಲ್ಲ. ಅದೇ ಪತ್ರೆಗೆ ಮಾರುಕಟ್ಟೆಯಲ್ಲಿ ಬೆಲೆಯಿರುವುದರಿಂದ, ಹಕ್ಕಿ ತಲುಪುವ ಮೊದಲೇ ಜನರು ಕಾಯಿ ಕೊಯ್ದರೆ ಬೀಜ ಕಾನಿನಿಂದ ಹೊರಗೆ ಹೋಗುತ್ತದೆ. ಹುಳಿ ಸಿಪ್ಪೆಗಾಗಿ ಕಾಯಿ ಕೊಯ್ಯುವ ಉಪ್ಪಾಗೆ ಮರದ್ದೂ ಹೆಚ್ಚುಕಡಿಮೆ ಇದೇ ಕಥೆ. ಜೊತೆಗೆ ಮಳೆಗಾಲದಲ್ಲಿ ಅದರ ಸಿಪ್ಪೆಯನ್ನು ಒಣಗಿಸಲು ಕಾನಿನ ಕಟ್ಟಿಗೆಯೇ ಒಲೆಗೆ ಹೋಗುತ್ತದೆ. ತಮ್ಮ ತಂದೆಯವರು ಹುಡುಕುವ ಸಸಿಗಳು ಇಲ್ಲದಿರುವುದಕ್ಕೆ ಹಕ್ಕಿ ಕಡಿಮೆಯಾದದ್ದು ಕಾರಣವೋ, ಕೊಯ್ಲು ಕಾರಣವೋ, ದನ ಮೇಯುವುದು ಕಾರಣವೋ ಎಂಬುದು ಬೇರೆ ಬೇರೆ ತಿಳಿಯದೆ ರಕ್ಷಣೆಯ ಕ್ರಮವನ್ನು ಸೂಚಿಸಲಾಗದು. ಪ್ರತಿ ಗೆರೆಯಲ್ಲಿ ಒಂದು ಚಿಕ್ಕ ಚೌಕಕ್ಕೆ ಬೇಲಿ ಕಟ್ಟಿ ಎರಡು ಮೂರು ಮಳೆಗಾಲ ನೋಡಿದರೆ ದನದ ಪಾತ್ರವಾದರೂ ಸ್ಪಷ್ಟವಾಗುತ್ತದೆ. ಕಾನು ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದ್ದರೆ ಬೇಲಿಗೂ ಮಾದರಿ ಸಂಗ್ರಹಕ್ಕೂ ಮೊದಲೇ ಲಿಖಿತ ಅನುಮತಿ ಪಡೆಯಿರಿ.

ಗಿಡದ ವೈಜ್ಞಾನಿಕ ಹೆಸರು ತಿಳಿಯದಿದ್ದಲ್ಲಿ ಊರಿನ ಹೆಸರನ್ನೇ ಬರೆಯಿರಿ. ಹೈಗ, ಬಲಗಿ, ರಕ್ತಮರ, ಗುಳಮಾವು ಎಂದು ಬರೆದು, ಎಲೆ, ತೊಗಟೆ, ಹೂ, ಕಾಯಿಗಳ ಚಿತ್ರ ತೆಗೆದಿಟ್ಟರೆ ತಜ್ಞರು ನಂತರ ಗುರುತಿಸಿಕೊಡುತ್ತಾರೆ.

ಕಾನಂಚು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪ್ಪನೊಂದಿಗೆ ಕುಳಿತು, ಅವರ ನೆನಪಿನಲ್ಲಿ ಸಸಿಗಳಿದ್ದ ಜಾಗಗಳನ್ನು ಕಾನಿನ ನಕ್ಷೆಯಲ್ಲಿ ಗುರುತು ಮಾಡಿಕೊಂಡೆ. ಒಂದು ಗೆರೆ ಆ ಜಾಗಗಳ ಮೂಲಕವೇ ಹೋಗಲೆಂದು ಯೋಚಿಸಿದ್ದೇನೆ. ಇದು ಸರಿಯೇ? ಇನ್ನೊಂದು ಸಂದೇಹವೆಂದರೆ, ಮಂಗಟ್ಟೆಯ ಗೂಡಿನ ಮರವನ್ನು ದಾಖಲಾತಿಯಲ್ಲಿ ನಿಖರವಾಗಿ ತೋರಿಸಬೇಕೇ?

ಎಣ್ಣೆಮರ

ಆ ಗೆರೆಯನ್ನು ಖಂಡಿತ ಹಾಕಿ, ಆದರೆ ಅದನ್ನು ಪ್ರತ್ಯೇಕವಾಗಿಡಿ. ಉಳಿದ ಗೆರೆಗಳ ಜಾಗವನ್ನು ಚೀಟಿ ಎತ್ತಿ ನಿರ್ಧರಿಸಿ. ಇಲ್ಲವಾದರೆ ನಾವು ಕಾಣಬೇಕೆಂದುಕೊಂಡದ್ದನ್ನೇ ಕಂಡಂತಾಗುತ್ತದೆ. ಗೂಡಿನ ಮರದ ನಿಖರ ಸ್ಥಳವನ್ನು ಸಾರ್ವಜನಿಕ ಪ್ರತಿಯಲ್ಲಿಯೂ ಜಾಲತಾಣಗಳಲ್ಲಿಯೂ ಹಾಕಬೇಡಿ. ಛಾಯಾಗ್ರಾಹಕರು ಗೂಡಿನ ಮುಂದೆ ಗುಂಪು ಸೇರಿದರೆ, ಗಂಡು ಹಕ್ಕಿ ಆಹಾರ ತರಲು ಹಿಂಜರಿದು ಒಳಗಿರುವ ತಾಯಿ ಮರಿಗಳು ಉಪವಾಸ ಬೀಳುತ್ತವೆ. ಸಮಿತಿಯ ಬಳಿ ಇರುವ ಪ್ರತಿಯಲ್ಲಿ ಮಾತ್ರ ಮರದ ಸಂಖ್ಯೆ ಬರೆದಿಡಿ. ಮೊದಲ ಚೌಕದ ಎಣಿಕೆ ಮುಗಿದ ಕೂಡಲೇ ಇಲ್ಲಿ ಹಾಕಿ, ಸುತ್ತಳತೆಯ ಲೆಕ್ಕವನ್ನು ಒಟ್ಟಿಗೆ ನೋಡೋಣ.