ಅಪ್‌ಡೇಟ್: 944ರ ವೀಲ್ ನಟ್‌ಗಳ ಕೆಲಸ ಕೊನೆಗೂ ಮುಗಿಯಿತು

ನನ್ನ 1987ರ ಪೋರ್ಶೆ 944ರ ಅಲ್ಯೂಮಿನಿಯಂ ವೀಲ್ ನಟ್‌ಗಳ ಕಪ್ಪು ಬಣ್ಣ ಹೋಗಿದೆ, ಪೇಂಟ್ ಮಾಡಲಾ, ಹೊಸದು ತರಲಾ ಅಂತ ಕೇಳಿದ್ದೆ. ತುಂಬಾ ಜನ ಉತ್ತರ ಕೊಟ್ಟಿರಿ, ಥ್ಯಾಂಕ್ಸ್.

ಇಪ್ಪತ್ತರಲ್ಲಿ ಹದಿನೇಳು ಉಳಿದವು. ಮೂರರ ಮೂಲೆಗಳು ಸವೆದು ದುಂಡಗಾಗಿದ್ದವು. ಹಿಂದೆ ಯಾರೋ ಇಂಪ್ಯಾಕ್ಟ್ ಗನ್ (ನಟ್ ತಿರುಗಿಸುವ ಮೆಷಿನ್) ಹಾಕಿರಬೇಕು. ಅವನ್ನು ಎಸೆದು ಹೊಸದು ತಂದೆ.

ಹಳೇ ಆನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿನಿಂದ ಬೆಳೆಸುವ ಗಟ್ಟಿ ಪದರ, ಬಣ್ಣ ಇರುವುದು ಅದರಲ್ಲೇ) ತೆಗೆಯಲು ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಬಳಸಿದೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಚುರುಚುರು ಅಂತ ಗುಳ್ಳೆ ಎದ್ದು, ನೇರಳೆ ಬಣ್ಣಕ್ಕೆ ತಿರುಗಿದ್ದ ನಟ್ ಮಂಕು ಬೂದಿ ಬಣ್ಣಕ್ಕೆ ಬಂತು. ಬಯಲಲ್ಲೇ ಮಾಡಿ, ಗ್ಲೌಸ್, ಕನ್ನಡಕ ಬೇಕೇ ಬೇಕು. ಮರೆತು ಬಿಟ್ಟರೆ ಅಲ್ಯೂಮಿನಿಯಂ ಕೂಡ ಕರಗುತ್ತದೆ. ನಾನು ಒಂದನ್ನು ಹಾಗೆ ಹಾಳು ಮಾಡಿದೆ, ಕಾಫಿ ಕುಡಿಯಲು ಹೋಗಿದ್ದೆ! ಅಂದರೆ ಹೊಸದು ನಾಲ್ಕಾಯಿತು.

ಸುಮ್ನೆ ಸ್ಪ್ರೇ ಪೇಂಟ್ ಹೊಡೆಯಬೇಡಿ ಅಂದವರ ಮಾತು ಸರಿ. ಚಕ್ರಕ್ಕೆ ಕೂರುವ ದುಂಡನೆಯ ಭಾಗಕ್ಕೆ ಪೇಂಟ್ ಬಿದ್ದರೆ, ಅದು ಸವೆದಂತೆ ನಟ್ ಸಡಿಲವಾಗಬಹುದು. ಅದಕ್ಕೇ ಉಳಿದ ಹದಿನಾರನ್ನೂ ಕಪ್ಪು ಆನೋಡೈಸಿಂಗ್‌ಗೆ ಕೊಟ್ಟೆ. ಖರ್ಚು ಜಾಸ್ತಿ ಆಯಿತು, ಹೊಟ್ಟೆ ಉರಿಯಿತು, ಆದರೆ ನೋಡಲು ಹೊಸದರ ಹಾಗೇ ಇವೆ.

ಈಗ ನಟ್‌ಗೆ ಗೀರು ಬೀಳದಂತೆ ಒಳಗೆ ಪ್ಲಾಸ್ಟಿಕ್ ಲೈನಿಂಗ್ ಇರುವ 19 ಎಂಎಂ ಸಾಕೆಟ್ ಕಾರಲ್ಲೇ ಇಟ್ಟಿದ್ದೇನೆ. ಕೈಯಿಂದ ತಿರುಗಿಸಿ, ಕೊನೆಗೆ ಟಾರ್ಕ್ ವ್ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) 130 ನ್ಯೂಟನ್ ಮೀಟರ್‌ಗೆ ಬಿಗಿಮಾಡುತ್ತೇನೆ. ಟೈರ್ ಅಂಗಡಿಗೆ ಹೋದರೂ ಈ ಸಾಕೆಟ್ ಅವರ ಕೈಗೆ ಕೊಟ್ಟು ಪಕ್ಕದಲ್ಲೇ ನಿಲ್ಲುತ್ತೇನೆ.